ಬಂದು ಹೋಗುವ ಚೆಕ್ ಎಂಜಿನ್ ದೀಪ: ಮೂಲ ಕಾರಣವನ್ನು ಹಂತ ಹಂತವಾಗಿ ಪತ್ತೆಹಚ್ಚುವ ಬಗೆ

ಕಾರಿನ ಮೀಟರ್ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಒಂದು ಬೆಳಿಗ್ಗೆ ಹೊತ್ತಿಕೊಳ್ಳುತ್ತದೆ, ಮೂರು ನಾಲ್ಕು ದಿನ ಹಾಗೆಯೇ ಉರಿದು ತಾನಾಗಿ ಆರುತ್ತದೆ, ಎರಡು ವಾರ ಕಳೆದ ಮೇಲೆ ಮತ್ತೆ ಬರುತ್ತದೆ. ಕಾರು ಓಡುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಗ್ಯಾರೇಜಿಗೆ ಕೊಂಡೊಯ್ದ ದಿನ ದೀಪ ಉರಿಯುತ್ತಿರುವುದಿಲ್ಲ. ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಕೇತವನ್ನು, ಅಂದರೆ ಕೋಡನ್ನು, ಅಳಿಸಿ ಕಳಿಸುತ್ತಾರೆ, ಇಲ್ಲವೇ ಕೋಡಿನಲ್ಲಿ ಹೆಸರು ಕಂಡ ಸೆನ್ಸರನ್ನು ಬದಲಿಸಿ ಕಳಿಸುತ್ತಾರೆ. ಸ್ವಲ್ಪ ದಿನಗಳಲ್ಲಿ ಅದೇ ದೀಪ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೆ ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತ ಹೋದರೆ ಹಣ ಖರ್ಚಾಗುವುದರ ಜೊತೆಗೆ ಮೂಲ ದೋಷದ ಕುರುಹುಗಳೂ ಅಳಿಸಿಹೋಗುತ್ತವೆ.

ಬಿಟ್ಟು ಬಿಟ್ಟು ಬರುವ ದೋಷಕ್ಕೆ ಹೊತ್ತುಗೊತ್ತಿಲ್ಲ ಎಂದು ನಮಗೆ ತೋರುತ್ತದೆ. ಆದರೆ ಅದು ಪ್ರತಿ ಸಲವೂ ಒಂದು ನಿರ್ದಿಷ್ಟ ಸನ್ನಿವೇಶದಲ್ಲೇ ತಲೆಯೆತ್ತುತ್ತದೆ: ಇಂಥ ಉಷ್ಣತೆ, ಇಷ್ಟು ತೇವ, ಇಂಥ ಕಂಪನ, ಎಂಜಿನ್ ಮೇಲೆ ಇಷ್ಟು ಭಾರ, ಟ್ಯಾಂಕಿನಲ್ಲಿ ಇಷ್ಟು ಇಂಧನ. ಆ ಸನ್ನಿವೇಶವನ್ನು ಗುರುತಿಸಿ, ಬೇಕೆಂದಾಗ ಮತ್ತೆ ಉಂಟುಮಾಡಲು ಸಾಧ್ಯವಾದರೆ ಅದು ಎಲ್ಲ ದೋಷಗಳಂತೆ ಅಳೆದು ನೋಡಬಹುದಾದ ದೋಷವಾಗುತ್ತದೆ. ಮುಂದಿನ ಹಂತಗಳೆಲ್ಲ ಆ ಒಂದೇ ಗುರಿಗಾಗಿ ಇವೆ.

ಮೊದಲು: ಓಡಿಸಬಹುದೇ, ನಿಲ್ಲಿಸಬೇಕೇ

ದೀಪ ಸ್ಥಿರವಾಗಿ ಉರಿಯುತ್ತಿದ್ದು ಎಂಜಿನ್ ಸಹಜವಾಗಿ ನಡೆಯುತ್ತಿದ್ದರೆ ಎಚ್ಚರಿಕೆಯಿಂದ ಮುಂದುವರಿಯಬಹುದು. ದೀಪ ಮಿನುಗುತ್ತಿದ್ದರೆ, ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೊಗೆಕೊಳವೆಗೆ ಹೋಗುತ್ತಿದೆ ಎಂದರ್ಥ. ಇದಕ್ಕೆ ಮಿಸ್‌ಫೈರ್ ಎನ್ನುತ್ತಾರೆ. ಆ ಇಂಧನವು, ಹೊಗೆಯನ್ನು ಶುಚಿಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಸ್ವಲ್ಪ ಹೊತ್ತಿನಲ್ಲೇ ಹಾಳುಮಾಡಬಲ್ಲದು. ಕೂಡಲೇ ವೇಗ ತಗ್ಗಿಸಿ, ಆದಷ್ಟು ಬೇಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಆಯಿಲ್ ಒತ್ತಡದ ಅಥವಾ ಎಂಜಿನ್ ಉಷ್ಣತೆಯ ಕೆಂಪು ದೀಪ ಜೊತೆಗೂಡಿದರೆ ಆ ಕ್ಷಣವೇ ಎಂಜಿನ್ ಆರಿಸಬೇಕು. ಅದು ಈ ಬರಹದ ವ್ಯಾಪ್ತಿಯ ವಿಷಯವಲ್ಲ.

ದೀಪ ಹತ್ತುವ, ಆರುವ ಲೆಕ್ಕ

ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ದೋಷ ಕಂಡೊಡನೆ ದೀಪ ಹಚ್ಚುವುದಿಲ್ಲ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಗಿ, ಬಳಿಕ ಬೇರೆ ದೇಶಗಳಲ್ಲೂ ನೆಲೆಯೂರಿದ, ಕಾರು ತನ್ನ ದೋಷಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಒಬಿಡಿ-2 ವ್ಯವಸ್ಥೆಯಲ್ಲಿ ಬಹುತೇಕ ದೋಷಗಳಿಗೆ ಎರಡು ಪ್ರಯಾಣಗಳ ನಿಯಮವಿದೆ. ಮೊದಲ ಪ್ರಯಾಣದಲ್ಲಿ ದೋಷ ಕಂಡರೆ ಇಸಿಯು ಅದನ್ನು ಪೆಂಡಿಂಗ್ ಕೋಡ್ ಆಗಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅದೇ ಪರೀಕ್ಷೆ ನಡೆಯುವ ಇನ್ನೊಂದು ಪ್ರಯಾಣದಲ್ಲೂ ದೋಷ ಕಂಡರೆ ಕೋಡ್ ದೃಢಪಟ್ಟು ದೀಪ ಹತ್ತುತ್ತದೆ. ಆಮೇಲೆ ಆ ಪರೀಕ್ಷೆ ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ, ಅಂದರೆ ಅಂಥ ಮೂರು ಪ್ರಯಾಣಗಳಲ್ಲಿ, ನಡೆದು ಮೂರರಲ್ಲೂ ಪಾಸಾದರೆ ದೀಪ ಆರುತ್ತದೆ. ಆರಿದರೂ ಕೋಡ್ ನೆನಪಿನಲ್ಲಿ ಉಳಿದಿರುತ್ತದೆ. ದೋಷ ಮರುಕಳಿಸದೆ ಎಂಜಿನ್ ಸಾಮಾನ್ಯವಾಗಿ 40 ಸಲ ತಣ್ಣಗಾಗಿ ಬಿಸಿಯಾದ ಮೇಲಷ್ಟೇ ಅದು ಅಳಿಯುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಸಲ ಬಿಸಿಯಾಯಿತು ಎಂದು ಲೆಕ್ಕಕ್ಕೆ ಬರಬೇಕಾದರೆ ಎಂಜಿನ್ನನ್ನು ತಣಿಸುವ ದ್ರವದ, ಅಂದರೆ ಕೂಲಂಟಿನ, ಉಷ್ಣತೆ ಕನಿಷ್ಠ 22 ಡಿಗ್ರಿ ಸೆಲ್ಸಿಯಸ್ ಏರಿ, 71 ಡಿಗ್ರಿಯನ್ನಾದರೂ ಮುಟ್ಟಬೇಕು.

ಈ ಲೆಕ್ಕ ತಿಳಿದಿದ್ದರೆ ಹಲವು ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ. ದೀಪ ಆರಿದೆ ಎಂಬ ಕಾರಣಕ್ಕೆ ಕುರುಹು ಹೋಯಿತೆಂದು ಕೈಚೆಲ್ಲಬೇಕಿಲ್ಲ. ವಾರಗಟ್ಟಲೆ ಅದು ಒಳಗೇ ಇರುತ್ತದೆ. ದೀಪ ಹತ್ತಿದ ದಿನವೇ ದೋಷ ಹುಟ್ಟಿತೆಂದೂ ತಿಳಿಯಬಾರದು. ಅದಕ್ಕೆ ಹಿಂದಿನ ಪ್ರಯಾಣದಲ್ಲೇ ಅದು ಒಮ್ಮೆ ಬಂದು ಹೋಗಿರುವ ಸಂಭವ ಹೆಚ್ಚು. ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ: ಮೂರು ಸೈಕಲ್‌ಗಳ ನಿಯಮದ ಪ್ರಕಾರ ಸ್ಥಿರವಾಗಿ ಉರಿಯುವ ದೀಪ ಒಂದೇ ಪ್ರಯಾಣದಲ್ಲಿ ಹತ್ತಿ, ಆರಿ, ಮತ್ತೆ ಹತ್ತಲು ಬರುವುದಿಲ್ಲ. ಮಿಸ್‌ಫೈರ್‌ನಿಂದ ಮಿನುಗುವ ದೀಪ ಮಾತ್ರ ಇದಕ್ಕೆ ಹೊರತು. ಆದ್ದರಿಂದ ಗುಂಡಿಗೆ ಚಕ್ರ ಇಳಿದಾಗ ದೀಪ ಕ್ಷಣಕಾಲ ಬೆಳಗಿ ಆರುತ್ತಿದ್ದರೆ, ಎಂಜಿನ್ನಿನ ಸೆನ್ಸರ್‌ಗಳನ್ನು ಬಿಟ್ಟು ಇಸಿಯುಗೆ ಹೋಗುವ ವಿದ್ಯುತ್ತು, ಅರ್ಥ್ ಸಂಪರ್ಕ ಅಥವಾ ಮೀಟರ್ ಫಲಕದ ವೈರಿಂಗನ್ನು ಮೊದಲು ಶಂಕಿಸಬೇಕು.

ಹಂತ 1: ಸ್ಕ್ಯಾನರ್ ಹಾಕುವ ಮೊದಲು ಬರೆದಿಡುವುದು

ಒಂದು ಸಣ್ಣ ಪುಸ್ತಕವನ್ನು ಕಾರಿನಲ್ಲಿಡಿ. ದೀಪ ಹತ್ತಿದ ಪ್ರತಿ ಸಲವೂ, ನಿಲ್ಲಿಸಿದ ಕೂಡಲೇ, ನೆನಪು ಹಸಿಯಾಗಿರುವಾಗ ಬರೆಯಿರಿ. ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಎಷ್ಟು ಹೊತ್ತಿನಿಂದ ಓಡುತ್ತಿತ್ತು, ವೇಗವೆಷ್ಟು, ಏರುದಾರಿಯೇ, ಸಮತಟ್ಟೇ, ಎಸಿ ನಡೆಯುತ್ತಿತ್ತೇ, ಮಳೆ ಬಂದಿತ್ತೇ, ಹಿಂದಿನ ದಿನ ಕಾರು ತೊಳೆದಿದ್ದಿರೇ, ಇಂಧನ ತುಂಬಿಸಿ ಎಷ್ಟು ಹೊತ್ತಾಗಿತ್ತು, ಟ್ಯಾಂಕ್ ಎಷ್ಟು ತುಂಬಿತ್ತು. ಇತ್ತೀಚೆಗೆ ಯಾವ ರಿಪೇರಿ ಆಯಿತು, ಸ್ಟೀರಿಯೋ, ಅಲಾರಂ, ಹೆಚ್ಚುವರಿ ದೀಪ ಏನಾದರೂ ಅಳವಡಿಸಲಾಯಿತೇ ಎಂಬುದನ್ನೂ ಸೇರಿಸಿ. ರಿಪೇರಿಯ ನಂತರ ಶುರುವಾದ ದೋಷಕ್ಕೆ ಆ ರಿಪೇರಿಯಲ್ಲಿ ಕೈಯಾಡಿದ ಜಾಗವೇ ಕಾರಣವಾಗಿರುವುದು ತೀರಾ ಸಾಮಾನ್ಯ. ಪೂರ್ತಿ ಕೂರದ ಒಂದು ಕನೆಕ್ಟರ್ ಸಾಕು.

ನಾಲ್ಕೈದು ಸಲದ ಟಿಪ್ಪಣಿಗಳು ಸೇರುವಷ್ಟರಲ್ಲಿ ಏನೋ ಒಂದು ಸಮಾನವಾದ ಅಂಶ ಹೊಳೆಯಲು ತೊಡಗುತ್ತದೆ. ನನ್ನ ಮಟ್ಟಿಗೆ ಇದು ಎಲ್ಲ ಉಪಕರಣಗಳಿಗಿಂತ ಬೆಲೆಬಾಳುವ ಹಂತ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ.

ಹಂತ 2: ಅಳಿಸದೆ ಓದುವುದು

ಒಬಿಡಿ-2 ಕಾರುಗಳಲ್ಲಿ 16 ಪಿನ್ನುಗಳ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಸ್ಕ್ಯಾನರ್ ಆಗಿ ಆರಂಭಕ್ಕೆ ಸಾಕು. ಆದರೆ ನೀವು ಆರಿಸುವ ಸಾಧನವು ದೃಢಪಟ್ಟ ಕೋಡ್, ಪೆಂಡಿಂಗ್ ಕೋಡ್, ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ದಾಖಲೆ) ಮತ್ತು ಲೈವ್ ಡೇಟಾ (ಸೆನ್ಸರ್‌ಗಳ ಈ ಕ್ಷಣದ ಓದು), ಈ ನಾಲ್ಕನ್ನೂ ತೋರಿಸಬೇಕು. ಲೈವ್ ಡೇಟಾವನ್ನು ಗ್ರಾಫ್ ಆಗಿ ದಾಖಲಿಸುವಂತಿದ್ದರೆ ಇನ್ನೂ ಒಳ್ಳೆಯದು. ಈ ಸಾಕೆಟ್ಟಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ತು ಬರುತ್ತಿರುವುದರಿಂದ ಅಡಾಪ್ಟರನ್ನು ದಿನಗಟ್ಟಲೆ ಅಲ್ಲೇ ಬಿಡಬೇಡಿ.

ಈ ಹಂತದಲ್ಲಿ ಕೋಡ್ ಅಳಿಸಬೇಡಿ, ಬ್ಯಾಟರಿ ತಂತಿಯನ್ನೂ ಕಳಚಬೇಡಿ. ಅಳಿಸಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್, ಸ್ವಯಂಪರೀಕ್ಷೆಗಳ ಫಲಿತಾಂಶ, ಇಂಧನದ ಪ್ರಮಾಣವನ್ನು ಎಷ್ಟು ಹೆಚ್ಚು ಕಡಿಮೆ ಮಾಡಬೇಕೆಂದು ಇಸಿಯು ಕಲಿತಿಟ್ಟ ಇಂಧನ ತಿದ್ದುಪಡಿ ಎಲ್ಲವೂ ಹೋಗುತ್ತವೆ. ಮತ್ತೆ ಆ ದೋಷ ಕಾಣಿಸಿಕೊಳ್ಳುವವರೆಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಪ್ರತಿ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಸಾಧ್ಯವಾದರೆ ಗೇರ್‌ಬಾಕ್ಸ್, ಎಬಿಎಸ್ ಮುಂತಾದ ಇತರ ಕಂಪ್ಯೂಟರ್‌ಗಳಲ್ಲೂ ಏನಾದರೂ ಕೋಡ್ ಇದೆಯೇ ನೋಡಿ. ಹಲವು ಕಡೆ ಒಮ್ಮೆಲೇ ಕಡಿಮೆ ವೋಲ್ಟೇಜಿನ ಅಥವಾ ಸಂಪರ್ಕ ಕಡಿದ ಕೋಡ್‌ಗಳು ಕಂಡರೆ, ಅವುಗಳಿಗೆಲ್ಲ ಒಂದೇ ಬೇರು ಇರುತ್ತದೆ.

ಕೋಡಿನ ರಚನೆ ಸರಳ. ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಯು ಇದ್ದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಪಿ0 ಎಂದು ಶುರುವಾಗುವವು ಎಲ್ಲ ತಯಾರಕರಿಗೂ ಸಮಾನ. ಪಿ1 ಎಂದಿರುವವು ಆಯಾ ತಯಾರಕರವು, ಹಾಗಾಗಿ ಆ ಕಾರಿನ ಸರ್ವಿಸ್ ಕೈಪಿಡಿಯಲ್ಲೇ ಅರ್ಥ ನೋಡಬೇಕು. ಕೋಡ್ ಹೇಳುವುದು ಯಾವ ಪರೀಕ್ಷೆ ವಿಫಲವಾಯಿತು ಎಂಬುದನ್ನು ಮಾತ್ರ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಹೆಸರಿರುವ ಕೋಡ್ ಬಂದಾಗ ಸೆನ್ಸರ್ ಸರಿಯಾಗಿಯೇ ಇದ್ದು, ಹೊಗೆಕೊಳವೆಯ ಸೋರಿಕೆಯನ್ನು ಅದು ನಿಜವಾಗಿ ವರದಿ ಮಾಡುತ್ತಿರಬಹುದು.

ಹಂತ 3: ಫ್ರೀಜ್ ಫ್ರೇಮನ್ನು ಸಾಕ್ಷಿಯಂತೆ ಓದುವುದು

ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಚಿತ್ರವನ್ನು ಇಸಿಯು ಉಳಿಸಿಕೊಂಡಿರುತ್ತದೆ: ಕೂಲಂಟ್ ಉಷ್ಣತೆ, ಆರ್‌ಪಿಎಂ, ವೇಗ, ಎಂಜಿನ್ ಭಾರದ ಶೇಕಡಾವಾರು, ಇಂಧನ ತಿದ್ದುಪಡಿ. ಅನೇಕ ಕಾರುಗಳಲ್ಲಿ ಇಂಥ ಒಂದೇ ಚಿತ್ರಕ್ಕೆ ಜಾಗವಿರುತ್ತದೆ. ಮಿಸ್‌ಫೈರ್ ಅಥವಾ ಇಂಧನ ವ್ಯವಸ್ಥೆಯ ದೋಷ ಬಂದರೆ ಹಳೆಯ ಚಿತ್ರದ ಮೇಲೆ ಅದು ಬರೆದುಬಿಡುತ್ತದೆ. ಆದ್ದರಿಂದ ಆ ಚಿತ್ರ ಯಾವ ಕೋಡಿಗೆ ಸೇರಿದ್ದೆಂದು ಖಚಿತಪಡಿಸಿಕೊಂಡೇ ಓದಬೇಕು.

ಓದುವಾಗ ಒಂದೊಂದು ಸಂಖ್ಯೆಯನ್ನೂ ಪ್ರಶ್ನಿಸಿ. ಕೂಲಂಟ್ 30 ಡಿಗ್ರಿ, ವೇಗ ಸೊನ್ನೆ, ಆರ್‌ಪಿಎಂ ಸ್ವಲ್ಪ ಹೆಚ್ಚು ಎಂದಿದ್ದರೆ ದೋಷ ತಣ್ಣಗಿನ ಎಂಜಿನ್ ಶುರುವಾದ ಗಳಿಗೆಯದು. ಕೂಲಂಟ್ 95, ವೇಗ 80, ಭಾರ 85 ಶೇಕಡಾ ಎಂದಿದ್ದರೆ ಏರಿನಲ್ಲೋ ಓವರ್‌ಟೇಕ್ ಮಾಡುವಾಗಲೋ ಬಂದದ್ದು. ನಂಬಲಾಗದ ಸಂಖ್ಯೆಯೂ ಸುಳಿವೇ. ಹೊರಗೆ ಬಿಸಿಲಿದ್ದಾಗ ಕೂಲಂಟ್ ಉಷ್ಣತೆ ಮೈನಸ್ 40 ಡಿಗ್ರಿ ಎಂದು ದಾಖಲಾಗಿದ್ದರೆ, ಆ ಸೆನ್ಸರಿನ ಸರ್ಕ್ಯೂಟ್ ಆ ಕ್ಷಣದಲ್ಲಿ ಎಲ್ಲೋ ಕಡಿದಿತ್ತು ಎಂದರ್ಥ. ಉಷ್ಣತೆ ಏರಿದಂತೆ ಆ ಸೆನ್ಸರಿನ ರೋಧ ಇಳಿಯುತ್ತದೆ. ತಂತಿ ಕಡಿದಾಗ ರೋಧ ಅಪಾರವಾಗುವುದರಿಂದ ಇಸಿಯು ಅದನ್ನು ವಿಪರೀತ ಚಳಿಯೆಂದು ಓದಿಕೊಳ್ಳುತ್ತದೆ.

ನನ್ನದೇ ಕಾರಿನಲ್ಲಿ ಪಿ0118 ಎಂಬ ಇಂಥದೇ ಕೋಡ್ ತಿಂಗಳುಗಟ್ಟಲೆ ಬಂದು ಹೋಗುತ್ತಿತ್ತು. ಸೆನ್ಸರ್ ಬದಲಿಸಿದ್ದಾಯಿತು, ಕೆಲವು ದಿನ ಸುಮ್ಮನಿದ್ದು ಮತ್ತೆ ಬಂತು. ಟಿಪ್ಪಣಿ ಇಡಲು ಶುರುಮಾಡಿದ ಮೇಲೆ ಗೊತ್ತಾಯಿತು, ಕಾರನ್ನು ರಿವರ್ಸ್ ತೆಗೆದುಕೊಂಡ ಬೆಳಿಗ್ಗೆಗಳಲ್ಲೇ ಪೆಂಡಿಂಗ್ ಕೋಡ್ ಬೀಳುತ್ತಿತ್ತು. ರಿವರ್ಸ್ ಗೇರಿನಲ್ಲಿ ಎಂಜಿನ್ ತನ್ನ ಆಧಾರಗಳ ಮೇಲೆ ಎದುರು ದಿಕ್ಕಿಗೆ ವಾಲುತ್ತದೆ. ಆಗ ಕನೆಕ್ಟರಿನ ಹಿಂದೆ ತಂತಿ ಬಾಗುವ ಜಾಗದಲ್ಲಿ ಒಳಗಿನ ತಾಮ್ರ ಬೇರ್ಪಡುತ್ತಿತ್ತು. ಹೊರಗಿನ ಪ್ಲಾಸ್ಟಿಕ್ ಕವಚ ಮಾತ್ರ ಚೂರೂ ಹರಿದಿರಲಿಲ್ಲ.

ಹಂತ 4: ಬುನಾದಿಯ ತಪಾಸಣೆ

ಯಾವ ಕೋಡ್ ಇದ್ದರೂ ಮೊದಲು ವಿದ್ಯುತ್ತಿನ ಬುನಾದಿ ನೋಡಿ. ರಾತ್ರಿಯೆಲ್ಲ ನಿಂತ ಕಾರಿನ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರುತ್ತದೆ. ಇಂಧನ ಉಳಿಸಲು ಆಲ್ಟರ್ನೇಟರನ್ನು ಇಸಿಯುವೇ ನಿಯಂತ್ರಿಸುವ ಹೊಸ ಕಾರುಗಳಲ್ಲಿ ಇದು ಹೆಚ್ಚು ಏರಿಳಿಯಬಹುದು. ಬ್ಯಾಟರಿಯ ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ. ಅಲುಗಿದರೆ ಅದೇ ನಿಮ್ಮ ದೋಷವಾಗಿರಬಹುದು.

ಅರ್ಥ್ ಸಂಪರ್ಕಗಳನ್ನು ಓಮ್ ಮೀಟರಿನಿಂದ ಪರೀಕ್ಷಿಸಿದರೆ ಮೋಸಹೋಗುವ ಸಂಭವ ಹೆಚ್ಚು. ಹಲವು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಸೊನ್ನೆ ತೋರಿಸುತ್ತದೆ, ಆದರೆ ಆ ಎಳೆ ಬೇಕಾದಷ್ಟು ಕರೆಂಟನ್ನು ಹೊರಲಾರದು. ಅದಕ್ಕೆ ವೋಲ್ಟೇಜ್ ಇಳಿತದ ಪರೀಕ್ಷೆಯೇ ಸರಿ. ಎಂಜಿನ್ ನಡೆಯುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ, ಬ್ಲೋವರ್ ತಿರುಗುತ್ತಿರಲಿ; ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುಚಿಯಾದ ಲೋಹಕ್ಕೆ, ಬಳಿಕ ಕಾರಿನ ಬಾಡಿಗೆ ಮುಟ್ಟಿಸಿ. 0.1 ವೋಲ್ಟಿನೊಳಗಿದ್ದರೆ ನೆಮ್ಮದಿ. ಅದಕ್ಕಿಂತ ಹೆಚ್ಚಿದ್ದರೆ ಆ ಅರ್ಥ್ ತಂತಿಯ ತುದಿಗಳನ್ನು ಬಿಚ್ಚಿ, ಉಜ್ಜಿ, ಬಿಗಿದು ಮತ್ತೆ ಅಳೆಯಿರಿ.

ಅನಂತರ ಕಣ್ಣಿನ ಕೆಲಸ. ಏರ್ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ಪುಗಳು, ಅಲ್ಲಿಂದ ಎಂಜಿನ್ನಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯ ಮಡಿಕೆಗಳು, ಸಣ್ಣ ವ್ಯಾಕ್ಯೂಮ್ ಪೈಪುಗಳು, ಇಂಧನ ಟ್ಯಾಂಕಿನ ಮುಚ್ಚಳದ ರಬ್ಬರ್, ಆಯಿಲ್ ಮತ್ತು ಕೂಲಂಟ್ ಮಟ್ಟ, ಇಲಿ ಕಡಿದ ಗುರುತು. ರಬ್ಬರ್ ಕೊಳವೆಯನ್ನು ಬಾಗಿಸಿ ನೋಡದಿದ್ದರೆ ಮಡಿಕೆಯೊಳಗಿನ ಬಿರುಕು ಕಾಣುವುದಿಲ್ಲ.

ಹಂತ 5: ಕೋಡಿನ ಜಾತಿಗೆ ತಕ್ಕ ಹುಡುಕಾಟ

ಮಿಸ್‌ಫೈರ್. ಪಿ0301 ಎಂದರೆ ಮೊದಲ ಸಿಲಿಂಡರ್, ಪಿ0302 ಎರಡನೆಯದು, ಹೀಗೆ ಮುಂದೆ. ಪಿ0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ್ದು. ಒಂದೇ ಸಿಲಿಂಡರಿನದಾದರೆ ಅದಲುಬದಲು ಮಾಡಿ ನೋಡುವುದೇ ಅತ್ಯುತ್ತಮ ಪರೀಕ್ಷೆ. ಎಂಜಿನ್ ಆರಿಸಿ ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಕೊಡುವ ಭಾಗ) ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಕೆಲವು ದಿನ ಓಡಿಸಿ. ಕೋಡ್ ಪಿ0302ರಿಂದ ಪಿ0303ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಅದೇ ರೀತಿ ಬದಲಿಸಿ ನೋಡಿ. ಅದೂ ಅಲ್ಲವಾದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಒಮ್ಮೆಗೆ ಒಂದೇ ವಸ್ತುವನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲಿತಾಂಶ ಬಂದರೂ ಅದು ಯಾವುದರದೆಂದು ತಿಳಿಯುವುದಿಲ್ಲ.

ಮಿಸ್‌ಫೈರ್ ಬರುವ ಸಮಯವೂ ಮಾತಾಡುತ್ತದೆ. ಮಳೆಯಲ್ಲಿ ಅಥವಾ ತೊಳೆದ ಮರುದಿನ ಬಂದರೆ ಪ್ಲಗ್ ಕುಳಿಯಲ್ಲಿ ನೀರು ನಿಂತಿದೆಯೇ, ಕಾಯಿಲಿನ ರಬ್ಬರ್ ಬೂಟು ಬಿರಿದಿದೆಯೇ ನೋಡಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಏರಿನಲ್ಲಿ ಬಂದರೆ ಕಾಯಿಲ್ ಒಳಗಿನ ನಿರೋಧಕ ಪದರ ಸೋಲುತ್ತಿರಬಹುದು, ಇಲ್ಲವೇ ಸವೆದ ಪ್ಲಗ್ಗಿನ ಅಂತರ ಹೆಚ್ಚಿರಬಹುದು. ರಾತ್ರಿ ನಿಂತ ಕಾರು ಶುರುವಾದ ಮೊದಲ ನಿಮಿಷದಲ್ಲಿ ಬಂದು ಮಾಯವಾಗುತ್ತಿದ್ದು, ಜೊತೆಗೆ ಕೂಲಂಟ್ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ಸಿಲಿಂಡರಿಗೆ ಕೂಲಂಟ್ ಜಿನುಗುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿ, ಅದನ್ನು ತಡಮಾಡಬಾರದು.

ಮಿಶ್ರಣ ತೆಳುವಾಗುವುದು, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗುವುದು. ಪಿ0171 ಈ ಗುಂಪಿನ ಪರಿಚಿತ ಕೋಡ್. ಇಲ್ಲಿ ಲೈವ್ ಡೇಟಾದ ಫ್ಯೂಯೆಲ್ ಟ್ರಿಮ್, ಅಂದರೆ ಇಂಧನ ತಿದ್ದುಪಡಿಯ, ಸಂಖ್ಯೆಗಳೇ ದಾರಿದೀಪ. ಸೊನ್ನೆಯ ಆಚೀಚೆ ಶೇಕಡಾ 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪ್ಲಸ್ 20 ದಾಟಿದರೆ ಇಸಿಯು ಲೆಕ್ಕಕ್ಕಿಂತ ಬಹಳ ಹೆಚ್ಚು ಇಂಧನ ಸುರಿದು ಮಿಶ್ರಣವನ್ನು ಸರಿದೂಗಿಸುತ್ತಿದೆ. ಬಿಸಿಯಾದ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಅಲ್ಪಾವಧಿ, ದೀರ್ಘಾವಧಿ ಟ್ರಿಮ್‌ಗಳೆರಡನ್ನೂ ಕೂಡಿಸಿ ಬರೆದುಕೊಳ್ಳಿ. ನಂತರ 2500 ಆರ್‌ಪಿಎಂನಲ್ಲಿ ಹಿಡಿದು ಮತ್ತೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು ವೇಗ ಏರಿದಂತೆ ಇಳಿದರೆ ವ್ಯಾಕ್ಯೂಮ್ ಸೋರಿಕೆ. ಥ್ರಾಟಲ್ ಮುಚ್ಚಿದಾಗ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಬಿರುಕಿನಿಂದ ನುಗ್ಗುವ ಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಆ ಪಾಲು ಕುಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ, ಭಾರ ಏರಿದಂತೆ ಟ್ರಿಮ್ ಏರಿದರೆ ಇಂಧನ ಪಂಪು, ಕಟ್ಟಿಕೊಂಡ ಫಿಲ್ಟರ್ ಅಥವಾ ಎಂಜಿನ್ ಎಳೆಯುವ ಗಾಳಿಯನ್ನು ಅಳೆಯುವ, ಕೊಳೆಯಾದ ಮಾಸ್ ಏರ್‌ಫ್ಲೋ ಸೆನ್ಸರ್ ಕಡೆ ನೋಡಬೇಕು.

ಬಿರುಕು ಬಿಟ್ಟ ರಬ್ಬರ್ ಪೈಪು ತಣ್ಣಗಿದ್ದಾಗ ಗಟ್ಟಿಯಾಗಿ ಬಾಯಿ ಬಿಡುತ್ತದೆ, ಬಿಸಿಯಾದಾಗ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಬಂದು ಮಧ್ಯಾಹ್ನ ಕಾಣದ ಕೋಡಿಗೆ ಇದು ಒಳ್ಳೆಯ ವಿವರಣೆ. ಇದನ್ನು ಹುಡುಕಲು ಹೊಗೆ ತುಂಬಿಸಿ ನೋಡುವ ಸ್ಮೋಕ್ ಟೆಸ್ಟ್ ಸುರಕ್ಷಿತವೂ ಖಚಿತವೂ ಆದ ವಿಧಾನ. ಕಾರ್ಬ್ಯುರೇಟರ್ ಕ್ಲೀನರನ್ನು ಎಂಜಿನ್ ಮೇಲೆ ಸಿಂಪಡಿಸಿ ಆರ್‌ಪಿಎಂ ಬದಲಾಗುತ್ತದೆಯೇ ನೋಡುವ ಪದ್ಧತಿ ಬಳಕೆಯಲ್ಲಿದೆ. ಬಿಸಿಯಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ ಕೊಟ್ಟಂತೆ, ಮಾಡಬೇಡಿ.

ಇಂಧನ ಆವಿಯ ಸೋರಿಕೆ. ಪಿ0442, ಪಿ0455, ಪಿ0456 ಕೋಡ್‌ಗಳ ಪರೀಕ್ಷೆ ಇರುವ ಕಾರುಗಳಲ್ಲಿ ಅದು ಪ್ರತಿದಿನ ನಡೆಯುವುದಿಲ್ಲ. ಅನೇಕ ಕಾರುಗಳಲ್ಲಿ ಟ್ಯಾಂಕ್ ಸುಮಾರು ಶೇಕಡಾ 15ರಿಂದ 85ರವರೆಗೆ ತುಂಬಿರಬೇಕು, ಕಾರು ಹಲವು ಗಂಟೆ ನಿಂತು ತಣ್ಣಗಾಗಿರಬೇಕು. ಹಾಗಾಗಿ ನಿರಂತರವಾಗಿ ಇರುವ ಸೋರಿಕೆಯೂ ಬಂದು ಹೋಗುವ ದೋಷದಂತೆ ತೋರುತ್ತದೆ. ಪಿ0456 ಅರ್ಧ ಮಿಲಿಮೀಟರ್ ರಂಧ್ರದಷ್ಟು ಸಣ್ಣ ಸೋರಿಕೆಗೂ ಬರುತ್ತದೆ. ಟ್ಯಾಂಕಿನ ಮುಚ್ಚಳ, ಅದರ ರಬ್ಬರ್, ಅನಂತರ ಇಂಧನದ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್, ಈ ಕ್ರಮದಲ್ಲಿ ನೋಡಿ.

ಕನ್ವರ್ಟರ್ ದಕ್ಷತೆ. ಪಿ0420 ಬಂದ ತಕ್ಷಣ ಕನ್ವರ್ಟರ್ ಬದಲಿಸುವುದು ಅತ್ಯಂತ ದುಬಾರಿ ತಪ್ಪು. ಸುಸ್ಥಿತಿಯ ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜು ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲುತ್ತದೆ. ಮುಂದಿನದು ಹಳೆಯ ಬಗೆಯ ಸೆನ್ಸರ್ ಆಗಿದ್ದರೆ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕನ್ವರ್ಟರ್ ದಣಿದಿದೆ ಎನ್ನಬಹುದು. ಅದಕ್ಕೂ ಮೊದಲು ಕೊಳವೆಯ ಕೀಲುಗಳಲ್ಲಿ ಸೋರಿಕೆ ಇಲ್ಲವೆಂದೂ, ಮಿಸ್‌ಫೈರ್ ಇಲ್ಲವೆಂದೂ ಖಾತ್ರಿಮಾಡಿಕೊಳ್ಳಿ.

ಇನ್ನು ಪಿ0335, ಎಂಜಿನ್ ದಂಡದ ತಿರುಗುವಿಕೆಯನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನದು: ಬಿಸಿಯಾದಾಗ ಎಂಜಿನ್ ಏಕಾಏಕಿ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಶುರುವಾಗುತ್ತಿದ್ದರೆ ಈ ಸೆನ್ಸರ್ ಮೊದಲ ಶಂಕಿತ. ನಡುರಸ್ತೆಯಲ್ಲಿ ನಿಲ್ಲಿಸುವ ದೋಷವಾದ್ದರಿಂದ ಇದಕ್ಕೆ ಆದ್ಯತೆ ಕೊಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ, ಅವು ಹಂಚಿಕೊಳ್ಳುವ 5 ವೋಲ್ಟಿನ ಸರಬರಾಜನ್ನು ಯಾವುದೋ ಒಂದು ಸೆನ್ಸರ್ ಅಥವಾ ಉಜ್ಜಿದ ತಂತಿ ಕೆಳಗೆಳೆಯುತ್ತಿರಬಹುದು. ಯು ಕೋಡ್‌ಗಳಾದರೆ ಬ್ಯಾಟರಿ ಕಳಚಿ, ರೋಗಪತ್ತೆ ಸಾಕೆಟ್ಟಿನ 6 ಮತ್ತು 14ನೆಯ ಪಿನ್ನುಗಳ ನಡುವೆ ರೋಧ ಅಳೆಯಿರಿ. ಈ ಪಿನ್ನುಗಳು ಕಾರಿನ ಕಂಪ್ಯೂಟರ್‌ಗಳನ್ನು ಬೆಸೆಯುವ ಕ್ಯಾನ್ ಜಾಲಕ್ಕೆ ನೇರವಾಗಿ ಸೇರಿರುವ ಕಾರುಗಳಲ್ಲಿ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಜಾಲದ ಒಂದು ತುದಿ ಕಡಿದಿದೆ. ಬ್ಯಾಟರಿ ಕಳಚಿದರೆ ದಾಖಲೆ ಅಳಿಯಬಹುದಾದ್ದರಿಂದ, ಎಲ್ಲವನ್ನೂ ಬರೆದಿಟ್ಟುಕೊಂಡ ಮೇಲೆಯೇ ಇದನ್ನು ಮಾಡಿ.

ಹಂತ 6: ದೋಷವನ್ನು ಬೇಕೆಂದೇ ಬರಿಸುವುದು

ಈಗ ಸಂಗ್ರಹಿಸಿದ ಸುಳಿವುಗಳನ್ನೆಲ್ಲ ಹಿಡಿದು ದೋಷವನ್ನು ಕರೆಯಬೇಕು. ಶಂಕಿತ ಸೆನ್ಸರಿನ ಓದನ್ನು ಸ್ಕ್ಯಾನರಿನ ಗ್ರಾಫಿನಲ್ಲಿ ಹಾಕಿ. ಮೂರು ನಾಲ್ಕು ಸಂಖ್ಯೆಗಳನ್ನಷ್ಟೇ ಆರಿಸಿಕೊಳ್ಳಿ; ಇಪ್ಪತ್ತನ್ನು ಒಟ್ಟಿಗೆ ಹಾಕಿದರೆ ಒಂದೊಂದೂ ನಿಧಾನವಾಗಿ ಬಂದು, ಕ್ಷಣಿಕ ಜಿಗಿತಗಳು ತಪ್ಪಿಹೋಗುತ್ತವೆ. ಎಂಜಿನ್ ನಡೆಯುತ್ತಿರುವಾಗ ಆ ಸೆನ್ಸರಿನ ಕನೆಕ್ಟರಿನಿಂದ ಹಿಂದಕ್ಕೆ, ಒಂದೊಂದು ಗೇಣು ಬಿಟ್ಟು ತಂತಿಗಳ ಕಟ್ಟನ್ನು ಮೆಲ್ಲಗೆ ಅಲುಗಿಸಿ, ಬಾಗಿಸಿ, ಎಳೆಯಿರಿ. ಗ್ರಾಫಿನಲ್ಲಿ ಗೆರೆ ಜಿಗಿದ ಜಾಗವೇ ಕಡಿತದ ಜಾಗ. ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ. ಸಡಿಲ ಬಟ್ಟೆ, ಬಳೆ, ಉಂಗುರ ಬೇಡ. ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮತ್ತು ಏರ್‌ಬ್ಯಾಗಿನ ವೈರಿಂಗನ್ನು ಮುಟ್ಟಲೇಬೇಡಿ.

ಅಲುಗಿಸಿ ಸಿಗದಿದ್ದರೆ ಉಷ್ಣತೆಯ ಸರದಿ. ಬಿಸಿಯಲ್ಲಿ ಬರುವ ದೋಷಕ್ಕೆ ಹೇರ್ ಡ್ರೈಯರಿನಿಂದ ಶಂಕಿತ ಭಾಗವನ್ನಷ್ಟೇ ಕಾಯಿಸಿ. ತಣ್ಣಗಿನಲ್ಲಿ ಬರುವುದಕ್ಕೆ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ, ಹೊತ್ತಿಕೊಳ್ಳದ ಬಗೆಯ ಕೂಲಿಂಗ್ ಸ್ಪ್ರೇ ಬಳಸಿ. ಮಳೆಯಲ್ಲಿ ಬರುವ ಮಿಸ್‌ಫೈರ್‌ಗೆ ನೀರಿನ ನವಿರಾದ ತುಂತುರು ಸಾಕು, ಕೈ ಮಾತ್ರ ಕಾಯಿಲಿನ ಹತ್ತಿರ ಹೋಗದಿರಲಿ.

ಕನೆಕ್ಟರನ್ನು ಬಿಚ್ಚಿದಾಗ ಹಸಿರು ಪುಡಿ, ಎಣ್ಣೆ, ನೀರು, ಬಾಗಿದ ಪಿನ್ನು ಇದೆಯೇ ನೋಡಿ, ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಿ. ಕಣ್ಣಿಗೆ ಕಾಣದ ಇನ್ನೊಂದು ದೋಷವಿದೆ: ಹೆಣ್ಣು ಪಿನ್ನಿನ ಹಿಡಿತ ಸಡಿಲವಾಗಿರುವುದು. ಅದೇ ಅಳತೆಯ ಬಿಡಿ ಪಿನ್ನೊಂದನ್ನು ತೂರಿಸಿ ಎಳೆದರೆ ಸ್ವಲ್ಪ ತಡೆ ಅನುಭವಕ್ಕೆ ಬರಬೇಕು. ಸುಮ್ಮನೆ ಜಾರಿದರೆ ಆ ಪಿನ್ನು ಬದಲಿಸಬೇಕು. ಮೀಟರಿನ ಮೊನೆಯನ್ನು ಅಲ್ಲಿ ಬಲವಂತವಾಗಿ ತುರುಕುವುದು, ತಂತಿಯ ಕವಚವನ್ನು ಚುಚ್ಚಿ ಅಳೆಯುವುದು, ಇವೆರಡೂ ಹೊಸ ದೋಷಗಳನ್ನು ಹುಟ್ಟುಹಾಕುತ್ತವೆ.

ನಿಂತಲ್ಲಿ ಏನೂ ಸಿಗದಿದ್ದರೆ ಫ್ರೀಜ್ ಫ್ರೇಮ್ ಹೇಳಿದ ಸ್ಥಿತಿಯಲ್ಲೇ ಓಡಿಸಿ ದಾಖಲಿಸಬೇಕು. ಅದೇ ಉಷ್ಣತೆ, ಅದೇ ವೇಗ, ಅದೇ ಭಾರ. ಓಡಿಸುವವರು ರಸ್ತೆ ನೋಡಲಿ. ಪರದೆ ನೋಡಲು ಇನ್ನೊಬ್ಬರು ಜೊತೆಗಿರಲಿ. ಸಾಧನದಲ್ಲಿ ಸ್ವಯಂಪರೀಕ್ಷೆಗಳ ಅಳತೆಗಳನ್ನು ತೋರಿಸುವ ಮೋಡ್ 6 ಎಂಬ ಪುಟ ಇದ್ದರೆ ಅದನ್ನೂ ತೆರೆಯಿರಿ. ಪರೀಕ್ಷೆ ಪಾಸಾಗಿದ್ದರೂ ಫಲಿತಾಂಶ ಮಿತಿಯ ಅಂಚಿನಲ್ಲಿದೆಯೇ ಎಂದು ಅಲ್ಲಿ ತಿಳಿಯುತ್ತದೆ. ಕೋಡ್ ಬೀಳುವ ಮೊದಲೇ ಯಾವ ಸಿಲಿಂಡರಿನಲ್ಲಿ ಎಷ್ಟು ಮಿಸ್‌ಫೈರ್ ಆಗಿದೆಯೆಂದು ಅನೇಕ ಕಾರುಗಳು ಅಲ್ಲಿ ಎಣಿಸಿಟ್ಟಿರುತ್ತವೆ.

ಇಷ್ಟಾದರೂ ಸಿಗದ ದೋಷಕ್ಕೆ ಆಸಿಲೋಸ್ಕೋಪ್ (ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಇರುವ, ವೈರಿಂಗ್ ನಕ್ಷೆ ಓದಬಲ್ಲ ಎಲೆಕ್ಟ್ರಿಷಿಯನ್ ಬೇಕು. ಕೆಲವೇ ಮಿಲಿಸೆಕೆಂಡಿನ ಕಡಿತವನ್ನು ಬ್ಲೂಟೂತ್ ಸ್ಕ್ಯಾನರ್ ತೋರಿಸಲಾರದು. ಅವರ ಬಳಿ ಹೋಗುವಾಗ ಟಿಪ್ಪಣಿ ಪುಸ್ತಕ, ಫ್ರೀಜ್ ಫ್ರೇಮ್ ಚಿತ್ರಗಳು, ಈವರೆಗೆ ಬದಲಿಸಿದ ಭಾಗಗಳ ಪಟ್ಟಿ ಕೊಂಡೊಯ್ಯಿರಿ. ಇಸಿಯು ತಂತ್ರಾಂಶಕ್ಕೆ ತಯಾರಕರಿಂದ ತಿದ್ದುಪಡಿ ಬಂದಿದೆಯೇ ಎಂದೂ ಕೇಳಿ; ಕೆಲವು ಕೋಡ್‌ಗಳಿಗೆ ಪರಿಹಾರ ಅಲ್ಲೇ ಇರುತ್ತದೆ.

ಹಂತ 7: ರಿಪೇರಿ ಫಲಿಸಿತೆಂದು ಖಚಿತಪಡಿಸಿಕೊಳ್ಳುವುದು

ಕಾರಣವನ್ನು ಕಂಡು ಸರಿಪಡಿಸಿದ ಮೇಲೆ, ಅದೇ ಅಲುಗಿಸುವ ಅಥವಾ ಕಾಯಿಸುವ ಪರೀಕ್ಷೆಯನ್ನು ಮತ್ತೆ ಮಾಡಿ, ಗೆರೆ ಜಿಗಿಯಬಾರದು. ಈಗ ಮಾತ್ರ ಕೋಡ್ ಅಳಿಸಿ. ಅಳಿಸಿದೊಡನೆ ಇಸಿಯು ತನ್ನ ಸ್ವಯಂಪರೀಕ್ಷೆಗಳಲ್ಲಿ ಹಲವನ್ನು ಅಪೂರ್ಣವೆಂದು ಗುರುತಿಸುತ್ತದೆ. ಸ್ಕ್ಯಾನರಿನ ರೆಡಿನೆಸ್ ಪುಟದಲ್ಲಿ ಸಂಬಂಧಪಟ್ಟ ಪರೀಕ್ಷೆ ಪೂರ್ಣ ಎಂದು ಬರುವ ತನಕ ದೀಪ ಹತ್ತಲಿಲ್ಲ ಎಂಬುದಕ್ಕೆ ಅರ್ಥವಿಲ್ಲ, ಏಕೆಂದರೆ ಪರೀಕ್ಷೆಯೇ ಇನ್ನೂ ನಡೆದಿರುವುದಿಲ್ಲ. ತಣ್ಣಗಿನ ಆರಂಭ, ಸ್ವಲ್ಪ ಹೊತ್ತು ಐಡ್ಲಿಂಗ್, ನಗರದ ಓಡಾಟ, ಹೆದ್ದಾರಿಯಲ್ಲಿ ಏಕವೇಗದ ಓಟ, ಇವೆಲ್ಲ ಸೇರಿದ ಕೆಲವು ದಿನಗಳು ಬೇಕಾಗಬಹುದು.

ಆ ಪರೀಕ್ಷೆ ಪೂರ್ಣವಾದ ಮೇಲೆ ಪೆಂಡಿಂಗ್ ಕೋಡ್‌ಗಳ ಪುಟವನ್ನು ವಾರಕ್ಕೊಮ್ಮೆ, ಮೂರು ನಾಲ್ಕು ವಾರ ನೋಡಿ. ದೀಪಕ್ಕಿಂತ ಒಂದು ಪ್ರಯಾಣ ಮೊದಲೇ ಸುದ್ದಿ ಅಲ್ಲಿ ಬರುತ್ತದೆ. 2010ರ ಆಸುಪಾಸಿನ ನಂತರದ ಅನೇಕ ಕಾರುಗಳಲ್ಲಿ ಪರ್ಮನೆಂಟ್ ಕೋಡ್ ಎಂಬ ಇನ್ನೊಂದು ದಾಖಲೆಯಿದೆ. ಅದನ್ನು ಸ್ಕ್ಯಾನರಿನಿಂದಾಗಲಿ ಬ್ಯಾಟರಿ ಕಳಚುವುದರಿಂದಾಗಲಿ ಅಳಿಸಲಾಗದು. ಇಸಿಯು ತಾನೇ ಆ ಪರೀಕ್ಷೆಯನ್ನು ನಡೆಸಿ, ದೋಷವಿಲ್ಲವೆಂದು ಕಂಡ ಮೇಲೆ ತಾನೇ ಅದನ್ನು ಅಳಿಸುತ್ತದೆ. ನಿಮ್ಮ ಕಾರಿನಲ್ಲಿ ಆ ಪುಟ ಖಾಲಿಯಾದ ದಿನಾಂಕವನ್ನು ಟಿಪ್ಪಣಿ ಪುಸ್ತಕದಲ್ಲಿ, ದೀಪ ಮೊದಲು ಹತ್ತಿದ ದಿನಾಂಕದ ಕೆಳಗೆ ಬರೆದಿಡಿ.